ಕೊರಳ ಹಲಗೆ

ದೇವೀರಿಯ ಗಂಟಲಿನಲ್ಲೇ ಏನೋ ಆಗಿರಬೇಕು ಎಂದುಕೊಂಡ. ನೆಗಡಿ, ಬಾವು, ಏನಾದರೂ. ಮಕ್ಕಳಿಗೆ ಆಗುತ್ತದೆ. ಹನ್ನೊಂದು ದಿನ ಬಾಯಿ ಬಿಡದೆ ಇರಬೇಕಾದರೆ ಒಂದು ಕಾಯಿಲೆ ಇರಲೇಬೇಕು. ಇಲ್ಲದಿದ್ದರೆ ಕಾರಣ ನಾನೇ ಆಗಿಬಿಡುತ್ತೇನೆ.

ಶನಿವಾರದ ಅರ್ಧ ದಿನದ ಶಾಲೆಯ ಪಾಠ ಹೇಳಿ ಮುಗಿಸಿ, ಸಂಜೆಯ ತನಕ ಹಿಂದೆಮುಂದೆ ನೋಡಿ, ಶಾಂತಮಲ್ಲಪ್ಪ ಹೆಗ್ಗದ್ದೆ ಊರಿನಿಂದ ಎಸ್ಟೇಟಿನ ಲೈನ್ ಕಡೆಗೆ ಇಳಿಯುತ್ತಿದ್ದ. ಕೂಲಿಗಳ ಮನೆಗಳ ಆ ಸಾಲಿಗೆ ಎರಡು ವರ್ಷದಲ್ಲಿ ಅವನು ಒಮ್ಮೆಯೂ ಹೋದವನಲ್ಲ. ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮೆಂಟು. ಕೈ ಬೆವತು ಅವು ಕಾಗದಕ್ಕೆ ಅಂಟಿದ್ದವು.

ಹಲಗೆ ಅವನದೇ ಬುದ್ಧಿವಂತಿಕೆ. ಗೇಣುದ್ದದ ಹಲಸಿನ ತುಂಡು, ಸೆಣಬಿನ ಹುರಿ, ಮೇಲೆ ಅವನ ದುಂಡು ಅಕ್ಷರ: 'ನನಗೆ ಮಾತು ಬರದು.' ತರಗತಿಯಲ್ಲಿ ಯಾರು ಪುಸ್ತಕದ ಮಾತು ಬಿಟ್ಟು ಮನೆಯ ಮಾತು ಆಡಿದರೋ ಅವರ ಕೊರಳಿಗೆ. ಅವರು ಕಿವಿ ನಿಮಿರಿಸಿ ಕಾದಿದ್ದು, ಮುಂದೆ ತಪ್ಪಿದವರ ಕೊರಳಿಗೆ ದಾಟಿಸಬೇಕು. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವರಿಗೆ ಎರಡು ಏಟು. ಹಲಗೆ ಅವರ ಜೊತೆ ಮನೆಗೆ. ಅಲ್ಲಿಯೂ ಕಿವಿ ತೆರೆದಿರಲಿ ಎಂದು ಅವನೇ ಹೇಳಿದ್ದ.

ಒಂದು ತಿಂಗಳಲ್ಲಿ ಶಾಲೆ ಶುದ್ಧವಾಯಿತು. ಕಾಡಿನ ನಡುವೆ ಗ್ರಂಥದ ಕನ್ನಡ ಬೆಳೆಸಿದ್ದೀರಿ ಎಂದು ಇನ್ಸ್‌ಪೆಕ್ಟರು ಬೆನ್ನು ತಟ್ಟಿ ಹೋದರು. ಯಾರೂ ತಪ್ಪು ಆಡುತ್ತಿರಲಿಲ್ಲ, ನಿಜ. ಯಾರೂ ಏನೂ ಆಡುತ್ತಿರಲಿಲ್ಲ. ನೀರಿಗೆ ಹೆಬ್ಬೆರಳು, ಹೊರಗೆ ಹೋಗಲು ಕಿರುಬೆರಳು. ಹೊಟ್ಟೆ ನೋವಾದರೆ ಹೊಟ್ಟೆ ಹಿಡಿದುಕೊಂಡು ನಿಲ್ಲುವುದು.

ಅವನಿಗೂ ಹೀಗೇ ಕಲಿಸಿದ್ದರು. ಮೇಷ್ಟ್ರ ಟ್ರೈನಿಂಗಿನ ಮೊದಲ ದಿನ ಎದ್ದು ತನ್ನೂರ ಮಾತಿನಲ್ಲಿ ಒಂದು ವಾಕ್ಯ ಹೇಳಿದ್ದಕ್ಕೆ ಅರವತ್ತು ಜನ ನಕ್ಕಿದ್ದರು. ಆವತ್ತಿನಿಂದ ಅವನು ಬಾಯಿ ತೆರೆಯುವ ಮೊದಲು ವಾಕ್ಯವನ್ನು ಒಳಗೇ ಬರೆದು, ತಿದ್ದಿ, ಆಮೇಲೆ ಓದುತ್ತಾನೆ. ಕಳೆದ ಹಬ್ಬಕ್ಕೆ ತನ್ನೂರು ಕೆ. ಹೊಸಕೋಟೆಗೆ ಹೋದಾಗ, ಅವನು ಮಾತು ಮುಗಿಸುವ ತನಕ ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತೇ ಇದ್ದಳು. ಅಮಲ್ದಾರರ ಮುಂದೆ ನಿಂತ ಹಾಗೆ.

ಎಸ್ಟೇಟಿನ ಸ್ಟೋರ್ ಬಾಗಿಲಲ್ಲಿ, ಕೂಲಿಗಳ ಹಾಜರಿ-ಲೆಕ್ಕ ಬರೆಯುವ ರೈಟರ್ ಮಹಮ್ಮದ್ ಇಸ್ಮಾಯಿಲ್ ಬೀಡಿ ಹಚ್ಚುತ್ತಿದ್ದ. ತಮಿಳು, ತುಳು, ಉರ್ದು, ಕನ್ನಡ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುವ ಮನುಷ್ಯ. ಒಂದು ವಾಕ್ಯವೂ ನೆಟ್ಟಗಿರುವುದಿಲ್ಲ. ಅವನು ಕೂಗಿದರೆ ಇಡೀ ತೋಟ ಓಗೊಡುತ್ತದೆ.

"ಏನ್ ಮೇಷ್ಟ್ರೆ, ದಾರಿ ತಪ್ಪಿ ಬಂದ್ರಾ?"

"ದೇವೀರಿಯ ಮನೆ ಯಾವುದು?"

"ಕೊನೇ ಲೈನು, ಕೊನೇ ಮನೆ. ಅವರವ್ವ ಬೆಟ್ಟಮ್ಮ ಕೆಲ್ಸ ಬಿಟ್ಟು ಮಗಳ ಮುಂದೆ ಕೂತವ್ಳೆ."

"ಅವಳು ಹಲಗೆ ಮನೆಗೆ ತಂದ ಮೇಲೆ ಏನಾಯಿತು?"

"ಏನಿಲ್ಲ ಬಿಡಿ."

"ಹೇಳಿ."

ಇಸ್ಮಾಯಿಲ್ ಹೊಗೆ ಬಿಟ್ಟ. "ಹುಡುಗಿ ನಿಮ್ಮ ಹಲಗೆ ಮನೆಗೆ ತಂದ್ಲು. ಅವ್ವ ಮುದ್ದೆ ಐತೆ ಉಣ್ಣು ಅಂದ್ಲಂತೆ. ರೂಲು ರೂಲೇ ಅಲ್ವಾ ಮಾರಾಯ್ರೆ, ಅವ್ವನ ಕೊರಳಿಗೆ ಹಾಕ್ಬುಟ್ಲು. ಅವ್ವಂಗೆ ಓದಕ್ ಬರಲ್ಲ. ನಾವು ಹಾಜರಿಗೆ ತಗಡಿನ ಬಿಲ್ಲೆ ಕೊಡ್ತೀವಲ್ಲ, ಕೊರಳಿಗೆ ಕಟ್ಕೊಳ್ಳೋದು, ಇದು ಇಸ್ಕೂಲಿನ ಬಿಲ್ಲೆ ಅಂದ್ಕೊಂಡ್ಲು. ಬೆಳಿಗ್ಗೆ ಅದನ್ನೇ ಹಾಕ್ಕೊಂಡು ಕಾಫಿ ಹಣ್ಣು ಕುಯ್ಯಕ್ಕೆ ಬಂದ್ಲು. ಏನ್ ಜಂಬ ಅಂತೀರಿ."

"ಯಾರೂ ಹೇಳಲಿಲ್ಲವೇ?"

"ಸಂಜೆ ತೂಕದ ಹೊತ್ಗೆ ಸಾವ್ಕಾರ್ರು ಓದಿದ್ರು. ನಕ್ಕರು. ಅವರು ನಕ್ರೆ ಎಲ್ಲಾರೂ ನಗಬೇಕಲ್ಲ. ಯಾಕೆ ಅಂತ ಗೊತ್ತಿಲ್ದೆ ಬೆಟ್ಟಮ್ಮನೂ ನಕ್ಲು. ಅವತ್ತು ಇಸ್ಕೂಲಿಗೆ ರಜ, ಮಗಳೂ ಅಲ್ಲೇ ನಿಂತಿತ್ತು."

"ನೀವು?"

"ನಾನೂ ನಕ್ಕೆ ಮೇಷ್ಟ್ರೆ. ಅನ್ನ ಕೊಡೋರು ಅವರು."

ಮಾರನೆಯ ದಿನ ದೇವೀರಿ ಶಾಲೆಗೆ ಬಂದಿದ್ದಳು, ಹಲಗೆ ಇಲ್ಲದೆ. ಎಲ್ಲಿ ಎಂದು ಅವನು ಕೇಳಿದ. ಬಾಯಿ ಬಿಡಿಸಲು ಎಂಟು ಏಟು ಕೊಟ್ಟ. ನೋವಿಗೂ ಒಂದು ಸದ್ದು ಹೊರಡಲಿಲ್ಲ. ಒಂಬತ್ತನೆಯದಕ್ಕೆ ಎತ್ತಿದ ಬೆತ್ತವನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಅಂದಿನಿಂದ ಅವಳು ಶಾಲೆಗೆ ಬಂದಿಲ್ಲ.

ಕೊನೆಯ ಮನೆಯ ಬೆಟ್ಟಮ್ಮ ಅವನನ್ನು ಕಂಡು ಗಾಬರಿಯಿಂದ ಎದ್ದು, ಗೋಣಿ ಹಾಸಿ, ದೂರ ನಿಂತಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಒಳ್ಳೆಯದಿತ್ತು.

"ನೀವೇ ಬಂದ್ರಾ ಬುದ್ಧಿ. ಗಾಳಿ ಸೋಕೈತೆ ಅಂತಾರೆ. ತಾಯ್ತ ಕಟ್ಟಿಸ್ದೆ, ಬಿಡ್ಲಿಲ್ಲ. ನೀವೊಂದು ಮಾತು ಅಂದ್ರೆ ಆಡ್ತಾಳೆ. ನಿಮ್ಮ ಕಂಡ್ರೆ ಬೋ ಭಯ ಇವ್ಳಿಗೆ."

ಹೆಮ್ಮೆಯಿಂದ ಹೇಳಿದಳು.

ದೇವೀರಿ ಮೂಲೆಯಲ್ಲಿ ಮೊಣಕಾಲು ಅಪ್ಪಿ ಕೂತಿದ್ದಳು. ಅವಳ ತಲೆಯ ಮೇಲೆ, ದೇವರ ಪಟದ ಪಕ್ಕದ ಮೊಳೆಯಲ್ಲಿ, ಹಲಗೆ. ತೊಳೆದು ಕುಂಕುಮ ಇಟ್ಟಿದ್ದರು. ಅವನ ದುಂಡು ಅಕ್ಷರ ದೀಪದ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಪೆಪ್ಪರ್‌ಮೆಂಟು ಚಾಚಿದ. "ದೇವೀರಿ, ಏನಾದರೂ ಹೇಳು. ಹೇಗೆ ಬೇಕಾದರೂ ಹೇಳು. ತಪ್ಪಾದರೂ ಪರವಾಗಿಲ್ಲ."

ತಪ್ಪು ಎಂಬುದು ಕಿವಿಗೆ ಬಿದ್ದದ್ದೇ ಅವಳು ಎರಡೂ ಅಂಗೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಬುದ್ಧಿ, ಒಂದು ಕೇಳ್ಲಾ?" ಬೆಟ್ಟಮ್ಮ ಹಲಗೆಯ ಕಡೆ ಕೈ ತೋರಿದಳು. "ಇದ್ರಾಗೆ ಏನ್ ಬರ್ದೈತೆ? ಲೈನಲ್ಲಿ ಎಲ್ಲಾರ್ನೂ ಕೇಳ್ದೆ. ರೈಟರ್ ಸಾಬ್ರು ಒಳ್ಳೇದೇ ಬರ್ದೈತೆ ಹೋಗವ್ವ ಅಂದ್ರು. ಇವ್ಳಿಗೆ ಓದಕ್ ಬತ್ತದೆ. ಇವ್ಳನ್ನ ಕೇಳಿದ್ ದಿನದಿಂದ್ಲೇ ಬಾಯಿ ಕಟ್ಟೋಗೈತೆ."

ದೇವೀರಿ ತಲೆ ಎತ್ತಿದಳು. ಮೊದಲ ಸಲ. ಅವಳು ನೋಡುತ್ತಿದ್ದುದು ಅವನ ಮುಖವನ್ನಲ್ಲ, ಬಾಯನ್ನು. ಒಣಗಿದ ತುಟಿಗಳು ಕೂದಲೆಳೆಯಷ್ಟು ತೆರೆದಿದ್ದವು. ಅವ್ವನಿಗೆ ಅದನ್ನು ಓದಿ ಹೇಳುವುದು ಅವಳಿಂದಾಗದು. ಯಾರಾದರೂ ಹೇಳಿ ಮುಗಿಸಲಿ ಎಂದು ಹನ್ನೊಂದು ದಿನ ಕಾದಿದ್ದಾಳೆ. ಅವನಿಗೆ ಅಷ್ಟು ತಿಳಿಯಿತು. ಅವನು ದಡ್ಡನಾಗಿರಲಿಲ್ಲ.

ತಪ್ಪು ನನ್ನದು ತಾಯಿ, ಎಂದು ಒಳಗೆ ಬರೆದ. ನೋಡಿದ. ಒಬ್ಬ ಮೇಷ್ಟರು ಕೂಲಿ ಹೆಂಗಸಿಗೆ ಹೇಳುವ ವಾಕ್ಯವೇ? ತಿದ್ದಿದ. ಹೊಡೆದುಹಾಕಿದ.

"ಅದು ಸರಸ್ವತಿಯ ಹೆಸರು," ಎಂದ.

ಬೆಟ್ಟಮ್ಮ ಹಲಗೆಗೆ ಕೈಮುಗಿದಳು. ದೇವೀರಿಯ ತುಟಿ ಮುಚ್ಚಿತು. ನಿಧಾನವಾಗಿ ಗೋಡೆಯ ಕಡೆಗೆ ತಿರುಗಿ ಕೂತಳು.

ಅವನು ಪೆಪ್ಪರ್‌ಮೆಂಟುಗಳನ್ನು ಗೋಣಿಯ ಮೇಲೆ ಬಿಟ್ಟು ಹೊರಟ. ಬೆಟ್ಟಮ್ಮ ಬಾಗಿಲಿನಿಂದ ಏನೋ ಕೂಗಿದಳು. ನಿಲ್ಲಲಿಲ್ಲ.

ಬಿಸಿಲು ಗುಡ್ಡದ ತುದಿಗೆ ಹತ್ತಿತ್ತು. ತೋಟ ದಾಟಿ ಬಿದಿರು ಮೆಳೆಯ ಏರುಹಾದಿ ಹಿಡಿದ. ಮೇಲಿನ ತಿರುವಿನಿಂದ ಹೆಂಗಸರ ಮಾತು ಕೇಳಿಸುತ್ತಿತ್ತು. ಸೌದೆ ಹೊರೆ ಹೊತ್ತು ಲೈನಿಗೆ ಮರಳುವವರು, ಆರೇಳು ಜನ. ಯಾರದೋ ಗಂಡನನ್ನು ಆಡಿಕೊಂಡು ಜೋರಾಗಿ ನಗುತ್ತಿದ್ದರು. ಅವನು ಕಣ್ಣಿಗೆ ಬಿದ್ದ ಕೂಡಲೇ ಮಾತು ನಿಂತಿತು. ಮುಂಚೆ ಅದನ್ನು ಮರ್ಯಾದೆ ಎಂದುಕೊಳ್ಳುತ್ತಿದ್ದ.

ಅವರು ಪಕ್ಕಕ್ಕೆ ಸರಿಯಲಿಲ್ಲ. ಅವನನ್ನು ನೋಡುತ್ತಲೂ ಇರಲಿಲ್ಲ. ಅವನ ಭುಜದಾಚೆ ನೋಡುತ್ತಿದ್ದರು.

ಬೆನ್ನ ಹಿಂದೆ ಬಿದಿರು ಲಟಕ್ಕೆಂದಿತು. ಆಗ ಕಾಲ ಬಳಿಯ ಆನೆ ಲದ್ದಿ ಕಂಡಿತು. ಇನ್ನೂ ಹಬೆಯಾಡುತ್ತಿತ್ತು.

"ಹಿಂದೆ ಏನಿದೆ?"

ತರಗತಿಯಲ್ಲಿ ಪ್ರಶ್ನೆ ಕೇಳುವ ದನಿಯೇ ಹೊರಟಿತು. ಅವನಿಗೆ ಬೇರೆ ದನಿ ಇರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನೀನು ಹೇಳು, ನೀನು ಹೇಳು ಎಂಬಂತೆ. ಒಬ್ಬಳು ಬಾಯಿ ತೆರೆದಳು. ಪಕ್ಕದವಳು ಅವಳ ತೋಳು ಹಿಡಿದಳು. ಹೊರೆ ಇಳಿಸಿ, ಸದ್ದಿಲ್ಲದೆ, ಹಿಂದು ಹಿಂದಕ್ಕೆ ಏರತೊಡಗಿದರು.

ಎಡಕ್ಕೆ ಓಡಬೇಕೋ ಬಲಕ್ಕೋ, ಒಂದು ಮಾತು ಸಾಕಿತ್ತು. ಕೂಗಿ ಕೇಳಲು ಅವನು ಬಾಯಿ ತೆರೆದ. ಒಳಗೆ ವಾಕ್ಯದ ಮೊದಲ ಅಕ್ಷರವೇ ಮೂಡಲಿಲ್ಲ. ಬಿದಿರು ಮತ್ತೊಮ್ಮೆ ಮುರಿಯಿತು, ಹತ್ತಿರದಲ್ಲಿ. ಕತ್ತಿನ ಮೇಲೆ ಬಿಸಿ ಗಾಳಿ.

ಮೇಲಿನ ತಿರುವಿನಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು, ಕೈಕಟ್ಟಿ, ತುಟಿ ಬಿಗಿದು, ಪಾಠ ಚೆನ್ನಾಗಿ ಕಲಿತ ಮಕ್ಕಳ ಹಾಗೆ, ಅವನ ತಲೆಗಿಂತ ಬಹಳ ಎತ್ತರದಲ್ಲಿ ಏನನ್ನೋ ನೋಡುತ್ತ.