ಅಕ್ಷರದಮ್ಮನ ಹತ್ತು ಲಕೋಟೆಗಳು

ಕೋರ್ಟಿನಲ್ಲಿ ಎಲ್ಲರೂ ಅವಳನ್ನು ಅಕ್ಷರದಮ್ಮ ಎಂದೇ ಕರೆಯುತ್ತಿದ್ದರು. ಸರ್ಕಾರಿ ಪ್ರಯೋಗಾಲಯದಲ್ಲಿ ಕೈಬರಹ ಪರೀಕ್ಷಕಿ, ಇಪ್ಪತ್ತನಾಲ್ಕು ವರ್ಷದ ಸರ್ವಿಸು. ಎರಡು ಕಾಗದ ಮುಂದಿಟ್ಟರೆ ಭೂತಗನ್ನಡಿ ಹಿಡಿದು, ಬರೆದ ಕೈ ಒಂದೋ ಎರಡೋ ಅಂತ ಹೇಳಿಬಿಡುವಳು. ಅವಳು ಹೇಳಿದ ಮೇಲೆ ಮುಗಿಯಿತು, ಎಂಥ ವಾಚಾಳಿ ವಕೀಲನೂ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಅಂಥವಳು ಆ ಬುಧವಾರ ಬೆಳಗ್ಗೆ ಹತ್ತು ಲಕೋಟೆಗಳ ಮುಂದೆ ಬೆವರುತ್ತ ಕೂತಿದ್ದಳು.

ಇದೆಲ್ಲ ಹೊಸ ಮುಖ್ಯಸ್ಥನ ಕಿತಾಪತಿ. ಕೈಬರಹ ನೋಡಿ ಹೇಳುವುದು ವಿಜ್ಞಾನವೋ ಬರೀ ಅನುಭವದ ಮಾತೋ ತಿಳಿಸಿ ಎಂದು ಮೇಲಿನ ಕೋರ್ಟು ಕೇಳಿತ್ತು. ಆತ ನೇರ ಇವಳ ಮೇಜಿಗೇ ಬಂದಿದ್ದ.

"ವಿಜ್ಞಾನ ಅಲ್ದೆ ಮತ್ತೇನು ಸರ್? ಮೈಕ್ರೋಸ್ಕೋಪ್ ಇದೆ, ಬಿಳಿ ಕೋಟಿದೆ," ಅಂದಿದ್ದಳು.

"ಬಿಳಿ ಕೋಟು ನನ್ನ ಕೂದಲು ಕತ್ತರಿಸೋನ ಹತ್ರಾನೂ ಇದೆ ಮೇಡಂ. ನೀವು ತಪ್ಪು ಹೇಳಿದ್ರೆ ಅದು ತಪ್ಪು ಅಂತ ಗೊತ್ತಾಗೋಕೆ ದಾರಿ ಇದೆಯಾ, ಅದು ಹೇಳಿ."

ಅವಳಿಗೆ ಮೈಯೆಲ್ಲ ಉರಿಯಿತು. ಪರೀಕ್ಷೆ ಮಾಡಿಯೇ ನೋಡೋಣವೆಂದು ಆತ ಈ ಹತ್ತು ಲಕೋಟೆ ಕಳಿಸಿದ್ದ. ಹೆದರಿಕೆ ಶುರುವಾದದ್ದು ಅಲ್ಲಿಂದಲೇ.

ಕೇಸು ಬಂದಾಗ ಮೇಲುಗಡೆ ಪೊಲೀಸರ ಟಿಪ್ಪಣಿ ಇರುತ್ತಿತ್ತು. ಯಾರನ್ನು ಹಿಡಿದಿದ್ದಾರೆ, ಅವನು ಎಂಥವನು, ಎಲ್ಲ. ಚಹಾ ಕುಡಿಯುತ್ತ ಮೊದಲು ಅದನ್ನು ಓದುವುದು ಅಲ್ಲಿನ ರೂಢಿ. "ಹಿನ್ನೆಲೆ ಗೊತ್ತಿದ್ರೆ ಕಣ್ಣು ಕೂರುತ್ತೆ" ಎಂದು ಅವಳಿಗೆ ಕಲಿಸಿದವರೇ ಹೇಳಿಕೊಟ್ಟಿದ್ದರು. ಈ ಲಕೋಟೆಗಳಲ್ಲಿ ಟಿಪ್ಪಣಿಯೇ ಇಲ್ಲ. ಒಂದೊಂದರಲ್ಲೂ ಯಾವುದೋ ಬರಹದ ಫೋಟೋದಿಂದ ಕತ್ತರಿಸಿದ ಎರಡು ಚೀಟಿ, ನಾಲ್ಕಾರು ಪದ, ಅಷ್ಟೆ.

ಕಣ್ಣು ಕೂರಲಿಲ್ಲ. ಈಗ ಒಂದೇ ಕೈ ಅನಿಸಿದ್ದು ಮರುಗಳಿಗೆಗೆ ಬೇರೆ ಅನಿಸುತ್ತಿತ್ತು. ಆರನೆಯದಕ್ಕಂತೂ ಒಂದು ಗಂಟೆ ಹಿಡಿಯಿತು. ಗೆರೆಯ ಒತ್ತು, ಅಕ್ಷರದ ಓರೆ, ಬಾಲದ ತಿರುವು ಎಲ್ಲ ನೋಡಿ, ಕೊನೆಗೆ "ಬೇರೆ ಬೇರೆ ಕೈ" ಎಂದು ಬರೆದು ಸಹಿ ಹಾಕಿದಳು.

ಸಂಜೆ ಮುಖ್ಯಸ್ಥ ಬಾಗಿಲು ಮುಂದೆ ಮಾಡಿ ಕೂತ.

"ಇದರಲ್ಲಿ ಐದು ನಿಮ್ಮವೇ ಹಳೇ ಕೇಸು ಮೇಡಂ, ಉಳಿದವು ಗೊತ್ತಾಗದಿರಲಿ ಅಂತ ಬೆರೆಸಿದ್ದು. ನಾಲ್ಕರಲ್ಲಿ ಆವತ್ತು ಹೇಳಿದ್ದನ್ನೇ ಹೇಳಿದ್ದೀರಿ. ಆರನೇ ಲಕೋಟೆ ಮಾತ್ರ ಉಲ್ಟಾ."

"ಯಾರದು ಅದು?"

"ದರ್ಜಿದು."

ಅವಳಿಗೆ ತಟ್ಟನೆ ನೆನಪಾಯಿತು. ಗೋದಾಮಿಗೆ ಬೆಂಕಿ ಇಡುತ್ತೇನೆಂದು ಯಾರೋ ಬೆದರಿಕೆ ಪತ್ರ ಬರೆದಿದ್ದರು. ಗೋದಾಮು ಸುಟ್ಟಿತು, ಒಳಗಿದ್ದ ಕಾವಲುಗಾರ ಸತ್ತ. ಪತ್ರ ದರ್ಜಿಯ ಕೈಯದೇ ಎಂದು ಕಟಕಟೆಯಲ್ಲಿ ನಿಂತು ಹೇಳಿದವಳು ಇವಳು. ಬೇರೆ ಸಾಕ್ಷಿಯೇ ಇರಲಿಲ್ಲ. ಆತ ಒಳಗೆ ಹೋಗಿ ಎಂಟು ವರ್ಷವಾಗಿತ್ತು.

"ಆವತ್ತು ಹೇಳಿದ್ದು ಸರಿನೋ, ಇವತ್ತಿಂದು ಸರಿನೋ?" ಅವಳು ಕೇಳಿದಳು.

"ಅದನ್ನ ನಾನು ನಿಮ್ಮನ್ನ ಕೇಳ್ಬೇಕು."

ಆ ಎರಡು ಚೀಟಿಗಳನ್ನು ಮತ್ತೆ ದೀಪದ ಕೆಳಗೆ ಹಿಡಿದಳು. ಅಯ್ಯೋ, ದರ್ಜಿಯದು ಎಂದು ಈಗ ಗೊತ್ತಾಗಿತ್ತಲ್ಲ, ನೋಡನೋಡುತ್ತಿದ್ದಂತೆ ಎರಡೂ ಒಂದೇ ಕೈಯವಾಗತೊಡಗಿದವು. ಅದೇ ಒತ್ತು, ಅದೇ ತಿರುವು. ತನ್ನ ಕಣ್ಣಿಗೇ ಹೆದರಿ ಅವಳು ದೀಪ ಆರಿಸಿದಳು.

ಮನೆಯಲ್ಲಿ ವಿಷಯ ಹೇಳಿದಳು. ಗಂಡ ಗದರಿದ, "ರಿಟೈರ್ ಆಗೋಕೆ ಎರಡೇ ವರ್ಷ ಇದೆ. ಇಲ್ಲದ್ದನ್ನ ಮೈಮೇಲೆ ಎಳ್ಕೋಬೇಡ." ಆದರೂ ಮರುದಿನ ಅವಳು ಕೋರ್ಟಿಗೆ ಬರೆದಳು: ದರ್ಜಿಯ ವಿಷಯದಲ್ಲಿ ನನ್ನ ಮಾತನ್ನು ನಂಬುವಂತಿಲ್ಲ. ಇನ್ನು ಯಾವ ಯಾವ ಹಳೆ ಕೇಸು ಬಾಯಿ ತೆರೆಯುತ್ತದೋ ಎಂದು ನೆನೆಯುತ್ತಲೇ ಲಕೋಟೆ ಅಂಟಿಸಿದಳು.

ಹದಿನೈದು ದಿನಕ್ಕೆ ದರ್ಜಿಯ ಹೆಂಡತಿ ಹುಡುಕಿಕೊಂಡು ಬಂದಳು. ಕೂರು ಅಂದರೂ ಕೂರಲಿಲ್ಲ.

"ಕಾಗದ ಬರೆದಿದ್ದೀರಂತೆ ಅಮ್ಮಾ. ಪುಣ್ಯ ಬರುತ್ತೆ. ಅವರು ಮಾಡಿಲ್ಲ ಅಂತ ಜಡ್ಜ್ ಮುಂದೆ ಒಂದು ಮಾತು ಹೇಳಿಬಿಡಿ, ಸಾಕು."

ಪರೀಕ್ಷಕಿ ಮೇಜಿನ ಅಂಚು ಹಿಡಿದುಕೊಂಡಳು.

"ಹಾಗೂ ಹೇಳೋಕೆ ಬರಲ್ಲಮ್ಮ. ಅವರು ಬರೆದ್ರೋ ಇಲ್ವೋ, ನನಗೆ ಗೊತ್ತಿಲ್ಲ."

ಹೆಂಗಸು ಬಾಗಿಲ ತನಕ ಹೋಗಿ ತಿರುಗಿದಳು.

"ಆವತ್ತೂ ಹೀಗೇ ಅಂದಿದ್ರೆ ಸಾಕಿತ್ತಲ್ಲ ತಾಯಿ," ಅಂದಳು.