ಉಣ್ಣುವಾಗ ಮಾತಾಡಿದ ಅನಂತಪ್ಪ

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯಲ್ಲಿ ಅನಂತಪ್ಪನ ಹೋಟೆಲು ಯಾರಿಗೆ ಗೊತ್ತಿಲ್ಲ? ಗುಲಾಬಿ ಕೋಟು, ಬಂಗಾರದ ಬಣ್ಣದ ಬೂಟು ಹಾಕಿಕೊಂಡು ಅವನು ಕಾರಿನಿಂದ ಇಳಿದರೆ ಕಬ್ಬಿನ ಟ್ರ್ಯಾಕ್ಟರಿನವರೂ ನಿಂತು ನೋಡುತ್ತಿದ್ದರು. ಹೋಟೆಲಿನ ಹಿಂದೆ ಅವನು ಕಟ್ಟಿಸಿದ ನೈಟ್‌ಕ್ಲಬ್ಬಿಗೆ ಅಂದು ವರ್ಷ ತುಂಬಿತ್ತು. ಛತ್ತಿನಿಂದ ಜೋಕಾಲಿಯಲ್ಲಿ ಕೂತು, ಸುತ್ತ ಕಿಡಿ ಚಿಮ್ಮಿಸುತ್ತ ತಾನೇ ಜನರ ನಡುವೆ ಇಳಿಯಬೇಕೆಂಬುದು ಅವನ ಯೋಜನೆ.

ಹೆಂಡತಿ ತ್ರಿಶಲಾಳ ಜೀವ ಮಧ್ಯಾಹ್ನದಿಂದ ಕೈಯಲ್ಲಿತ್ತು. ತಾಲೀಮಿನಲ್ಲಿ ಒಂದು ಕಿಡಿ ಹಾರಿ, ಛತ್ತಿಗೆ ಇಳಿಬಿಟ್ಟ ಬನಹಟ್ಟಿ ಸೀರೆಯೊಂದು ಸುಟ್ಟು ತೂತಾಗಿತ್ತು. ಅಂಥ ಸೀರೆ ಅಲ್ಲಿ ಮುನ್ನೂರು ತೂಗುತ್ತಿದ್ದವು. ಅವನು ನಕ್ಕುಬಿಟ್ಟ. ಪಾಸಿಲ್ಲದವರು ನುಸುಳಬಾರದೆಂದು ಕ್ಲಬ್ಬಿನ ಹಿಂದಿನ ಬಾಗಿಲಿಗೆ ಕೀಲಿ ಬೇರೆ ಜಡಿಸಿದ್ದ. ಮುಂದಿನ ಬಾಗಿಲಲ್ಲಿ ಇಬ್ಬರು ಕೂಡಿ ಹಾಯುವುದೇ ಕಷ್ಟ.

ತೇರದಾಳದ ಜೈನರ ಮನೆಯ ಮಗ ಅವನು. ಎಷ್ಟೇ ಮೆರೆದರೂ ಹೊತ್ತು ಮುಳುಗುವ ಮೊದಲು ಮೌನದಲ್ಲಿ ಉಣ್ಣುವ ನೇಮ ಬಿಟ್ಟಿರಲಿಲ್ಲ. ನಡುವೆ ಮಾತಾಡಿದರೆ ತಾಟು ಬಿಟ್ಟು ಏಳಬೇಕು. ಮರುದಿನ ಹೊತ್ತು ಮೂಡುವತನಕ ಹನಿ ನೀರೂ ಇಲ್ಲ.

ಹಾಲಿನ ಪಕ್ಕದ ಕೋಣೆಯಲ್ಲಿ ಅವನು ಎರಡನೆಯ ತುತ್ತು ಎತ್ತುವಾಗ ತ್ರಿಶಲಾ ಅವನ ಸೊಂಟದ ಕೀಲಿಕೈ ಎಳೆದುಕೊಂಡಳು. ಕಣ್ಣು ಕೆಕ್ಕರಿಸಿದ, ಬಾಯಿ ತೆರೆಯಲಿಲ್ಲ.

ಕ್ಲಬ್ಬಿನ ಹಾಲಿನಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಅವಳು ಹಿಂದಿನ ಬಾಗಿಲಿನ ಕೀಲಿ ತೆಗೆದು ನೂಕಿದರೆ ಅದು ನಾಲ್ಕು ಬೆರಳು ಸರಿದು ನಿಂತಿತು. ಹೊರಗೆ ಗಂಡನದೇ ದೊಡ್ಡ ಕಟೌಟು. ಅದರ ಬಿದಿರುಗಳನ್ನು ಬಾಗಿಲಿಗೇ ಒತ್ತಿ ಕಟ್ಟಿದ್ದರು. ಸಂದಿಯಲ್ಲಿ ಕಾವಲುಗಾರ ಜಕ್ಕಪ್ಪ ಕಂಡ.

"ಜಕ್ಕಪ್ಪಾ, ಹಗ್ಗಾ ಕೊಯ್ಯೋ!"

"ಅಕ್ಕಾರ, ಮಾಲಕರ ಮಾರಿ ನೆಲಕ್ಕ ಕೆಡವಿ ನಾ ಎಲ್ಲಿಗಿ ಹೋಗ್ಲಿ? ಅವರ ಬಾಯಿಲೇ ಹೇಳ್ಸ್ರಿ."

"ಉಣ್ಣಾಕತ್ತಾರೋ!"

"ಹಂಗಾರ ಉಂಡ ಮ್ಯಾಲ ಹೇಳ್ಲಿ."

"ಉಂಡ ಕೂಡ್ಲೇ ಜೋಕಾಲಿ ಏರ್ತಾರ. ನೀ ನಡಿ ನನ್ ಜೋಡಿ!"

ಮುಂದಿನ ಬಾಗಿಲಿನಿಂದ ಸುತ್ತಿ ಹೋಗಿ ಅವನನ್ನು ಎಳೆದುಕೊಂಡೇ ಬಂದು ಗಂಡನ ಮುಂದೆ ನಿಲ್ಲಿಸಿದಳು. "ನಿಮ್ಮ ಕಟೌಟ್ ಬಾಗಲಕ್ಕ ಅಡ್ಡ ಐತ್ರಿ. ಒಳಗ ಜನದಾಗ ನಿಮ್ಮ ತಂಗಿ ಬ್ರಾಹ್ಮಿ ಸೈತ ಅದಾಳ. ಒಂದ್ ಕಿಡಿ ಸಾಕು. ಇವಂಗ ಹೇಳ್ರಿ."

ಆಮೇಲೆ ಎಂದು ಅವನು ಕೈ ಆಡಿಸಿದ. ಆ ಎರಡನೆಯ ತುತ್ತು ಇನ್ನೂ ತಾಟಿನಲ್ಲೇ ಇತ್ತು. ಮಧ್ಯಾಹ್ನದ ಕಿಡಿಗೆ ಇವನೂ ಹೆದರಿದ್ದಾನೆ ಎಂದು ಅವಳಿಗೆ ಆಗ ಹೊಳೆಯಿತು. ಹಾಲಿನಿಂದ ಸಿಳ್ಳೆ ಕೇಳಿಸಿತು. ಅನಂತಪ್ಪ ರೊಟ್ಟಿಯನ್ನೇ ನೋಡುತ್ತ ಕೂತ.

"ಕೆಡವೋ ಜಕ್ಕಪ್ಪಾ," ಎಂದ.

ತಾಟು ಸರಿಸಿ ಎದ್ದು ಕೋಟು ಹಾಕಿಕೊಂಡ. ಕಿಡಿ ಹಾರಿಸುವ ರಿಮೋಟು ಅದರ ಜೇಬಿನಲ್ಲೇ ಇತ್ತು. ತ್ರಿಶಲಾ ಅದನ್ನು ಕೇಳುವಷ್ಟರಲ್ಲಿ ಅವನು ಮೆಟ್ಟಿಲು ಏರಿಬಿಟ್ಟಿದ್ದ.

ಜಕ್ಕಪ್ಪ ಹಗ್ಗ ಕೊಯ್ದು ಕಟೌಟು ಕೆಡವಿದ ಮೇಲೆ ತ್ರಿಶಲಾ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಳು. ಜೋಕಾಲಿ ಸೀರೆಗಳ ನಡುವೆ ಮೆಲ್ಲಗೆ ಇಳಿಯಿತು. ಕಿಡಿ ಇಲ್ಲ.

"ಏ ಅಣ್ಣಾ, ಬೆಂಕಿ ಎಲ್ಲೈತೋ?" ಯಾರೋ ಒಬ್ಬ ಕೂಗಿದ. "ಹಣಿಗೆ ಹೂವಿನ ದಂಡಿ ಕಟ್ಕೊಂಡ ಮದುಮಗಳ ಗತೆ ಇಳ್ಯಾಕತ್ತೀಯಲ್ಲೋ!"

ಹಾಲೆಲ್ಲ ನಕ್ಕಿತು. ಜನ ನಗುವುದೊಂದನ್ನು ಅವನು ಎಂದೂ ತಾಳಿದವನಲ್ಲ. ಕೈ ಜೇಬಿಗೆ ಹೋಯಿತು. ತ್ರಿಶಲಾ ಬಾಗಿಲನ್ನು ಇನ್ನಷ್ಟು ಅಗಲಿಸಿ ಹಿಡಿದಳು. ಅವನು ತಲೆಯ ಮೇಲಿನ ಸೀರೆಗಳನ್ನು ನೋಡಿದ, ಬಾಗಿಲಲ್ಲಿ ನಿಂತ ಅವಳನ್ನು ನೋಡಿದ. ಕೈ ಅಲ್ಲೇ ಇತ್ತು.

ಆಮೇಲೆ ಬರಿಗೈ ಹೊರಗೆ ಬಂತು. ಎರಡೂ ಕೈ ಜೋಡಿಸಿ ಜನರಿಗೆ ನಮಸ್ಕಾರ ಮಾಡಿದ.

ತ್ರಿಶಲಾ ಹೊಸ್ತಿಲ ಮೇಲೆ ಕೂತಳು. ಬಾಗಿಲನ್ನು ಮಾತ್ರ ಬಿಡಲಿಲ್ಲ.