ಹಡಗಿನ ಎಡಮಗ್ಗುಲು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೊದಲು ಸಮುದ್ರದಿಂದ ಮಾಡಿದ್ದೆ. ಹಡಗಿನ ಕಥೆಯಲ್ಲವೇ, ಮೊದಲ ಸಾಲಿನಲ್ಲೇ ಒಂದು ಅಲೆ ಬಂದು ಬಡಿಯಲಿ ಎಂದುಕೊಂಡು ಪುಟದ ತುಂಬ ನೀಲಿ ನೀರು ಸುರಿದೆ. ದಡದಲ್ಲಿ ನನ್ನ ಭಾವನನ್ನು ನಿಲ್ಲಿಸಿ, ದೂರದ ಹಾಯಿಗಳನ್ನು ತೋರಿಸಿ, ಒಂದು ನಿಟ್ಟುಸಿರನ್ನೂ ಬಿಡಿಸಿದೆ. ಓದಿ ಹೇಳಿದಾಗ ಭಾವ ಪೇಪರಿನಿಂದ ತಲೆಯೆತ್ತದೆ, "ಸಮುದ್ರ ಅಂದ್ರೆ ನಂಗೆ ನೆನಪಾಗೋದು ಚಪ್ಪಲಿಯೊಳಗೆ ಸೇರ್ಕೊಂಡ ಮರಳು. ಆ ನಿಟ್ಟುಸಿರು ನಿಂದು, ನೀನೇ ಇಟ್ಕೋ" ಅಂದರು.

ಆ ಪುಟವನ್ನು ಹರಿದು ಹಾಕಿದೆ. (ಸುಳ್ಳು. ಕಂಪ್ಯೂಟರಿನಲ್ಲಿ ಬರೆಯುವವನು ಹರಿಯುವುದೆಲ್ಲಿ ಬಂತು? ಡಿಲೀಟ್ ಮಾಡಿದೆ. ಹರಿದೆ ಎಂದರೆ ಸ್ವಲ್ಪ ಗತ್ತಿರುತ್ತದೆ.)

೨

ಸಮುದ್ರ ಬೇಡ, ಊಟದ ಮೇಜಿನಿಂದ ಹೊರಡೋಣ. ಮೇಜು ನನ್ನ ಅಕ್ಕನ ಮನೆಯದು. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು, ಮೂಗಿನ ಮೇಲೆ ಜಾರುವ ಕನ್ನಡಕದ ಕಡ್ಡಿಗಳನ್ನು ಬಗ್ಗಿಸಿ ಸರಿ ಮಾಡುವುದು ಅವಳ ಕೆಲಸ. ಭಾವ ಸಿಟಿ ಬಸ್ಸಿನ ಡ್ರೈವರು. ಆಗಿದ್ದರು ಅನ್ನಬೇಕು. ನಾನು ಪಕ್ಕದ ಬೀದಿಯಲ್ಲಿ ಒಬ್ಬನೇ ಇದ್ದುಕೊಂಡು ಕಥೆ ಬರೆಯುತ್ತೇನೆ, ಊಟಕ್ಕೆ ಅವರ ಮನೆಗೆ ಹೋಗುತ್ತೇನೆ. ಕಥೆಗೂ ಅಲ್ಲಿಗೇ ಹೋಗುತ್ತೇನೆ ಎಂದು ಅಕ್ಕನ ದೂರು.

"ಆಗಿದ್ದರು" ಎಂದದ್ದೇಕೆ ಎಂದರೆ, ಡ್ರೈವರುಗಳಿಗೆ ಮಾಡುವ ವರ್ಷದ ತಪಾಸಣೆಯಲ್ಲಿ ಭಾವನ ಕಣ್ಣು ನಪಾಸಾಯಿತು. ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖವಿಟ್ಟು ಕೂರಿಸುತ್ತಾರೆ. ಒಳಗೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಮಿನುಗುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಷ್ಟೋ ಹೊತ್ತು ಏನೂ ಕಾಣದೆ ಹೋದದ್ದರಿಂದ ಭಾವ ಅಂದಾಜಿನ ಮೇಲೆ ಒತ್ತತೊಡಗಿದರಂತೆ. ಯಂತ್ರಕ್ಕೆ ಅದೂ ಗೊತ್ತಾಗುತ್ತದೆ. ಗ್ಲಾಕೋಮಾ ಎಂದರು ಕಣ್ಣಿನ ಡಾಕ್ಟರು. ಕಣ್ಣೊಳಗಿನ ಒತ್ತಡ ಸದ್ದಿಲ್ಲದೆ ಏರಿ, ನೋಟವನ್ನು ಅಂಚಿನಿಂದ ತಿನ್ನುತ್ತ ಬಂದಿತ್ತು. ನೇರಕ್ಕಿರುವುದು ಕಾಣುತ್ತದೆ, ಪಕ್ಕದ್ದು ಇಲ್ಲ. ಎಡಗಡೆಯಂತೂ ಪೂರ್ತಿ ಹೋಗಿತ್ತು. ಡ್ರಾಪ್ಸ್ ಹಾಕಿಕೊಂಡರೆ ಉಳಿದದ್ದು ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು.

ಡಿಪೋದಲ್ಲಿ ಬಸ್ಸಿನ ಕೀ ಕೊಡುವ ಕಿಟಕಿಯ ಹಿಂದೆ ಭಾವನನ್ನು ಕೂರಿಸಿದರು. ಡ್ರೈವರ್ ಸೀಟು ಬಿಟ್ಟ ದಿನ ಸ್ನೇಹಿತರೆಲ್ಲ ಸೇರಿ, ಏನು ಕೊಡಬೇಕೆಂದು ತೋಚದೆ, ಒಂದು ದೊಡ್ಡ ಪೆಟ್ಟಿಗೆ ಕೊಟ್ಟರು. ಮುಚ್ಚಳದ ಮೇಲೆ ಹಾಯಿ ಬಿಚ್ಚಿ ನಿಂತ ಮೂರು ಕಂಬದ ಹಡಗು. ಒಳಗೆ ಮರದ ಹಲಗೆ, ಪಟ್ಟಿ, ಕಡ್ಡಿ, ದಾರದುಂಡೆ. ನಾವೇ ಜೋಡಿಸಿ ಮಾಡಿಕೊಳ್ಳುವ ಕಿಟ್ಟು.

ಭಾವ ಅದನ್ನು ಮನೆಗೆ ತಂದು ಬೀರುವಿನ ಮೇಲೆ ತಳ್ಳಿದರು. "ಕೈಯಿಂದ ಸ್ಟೀರಿಂಗ್ ಕಿತ್ಕೊಂಡು ಹಡಗು ಕೊಟ್ಟಿದಾರೆ" ಅಂದವರು ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಬೇರೆ ಸುದ್ದಿಯನ್ನೂ ಅಷ್ಟಾಗಿ ಎತ್ತಲಿಲ್ಲ. ಊಟ ಮಾಡುವುದು, ಕೈ ತೊಳೆಯುವುದು, ಗೋಡೆಯ ಕಡೆ ತಿರುಗಿ ಮಲಗುವುದು. ಬಸ್ಸಿನ ಪ್ರತಿ ಪ್ರಯಾಣಿಕನ ಕಥೆಯನ್ನೂ ತಟ್ಟೆ ಒಣಗುವವರೆಗೆ ಹೇಳುತ್ತಿದ್ದ ಮನುಷ್ಯ!

೨ (ಮತ್ತೊಮ್ಮೆ, ಏಕೆಂದರೆ ಮೇಲಿನದು ತೀರಾ ಸಪ್ಪೆಯಾಯಿತು)

ಈ ಜಾಗದಲ್ಲಿ ಓದುಗರಾದ ನಿಮಗೆ ಸ್ವಲ್ಪ ಕಣ್ಣೀರು ಬರಬೇಕೆಂದು ಒಂದು ದೃಶ್ಯ ಕಟ್ಟಿದ್ದೆ. ಭಾವ ಖಾಲಿ ಬಸ್ಸಿನಲ್ಲಿ ಒಬ್ಬರೇ ಕೂತು ಸ್ಟೀರಿಂಗ್ ಸವರುತ್ತಾರೆ. ಹೊರಗೆ ಬೆಳಕು ಮಂಕಾಗುತ್ತದೆ. ಓದಿದ ಅಕ್ಕ, ಡಿಪೋದಲ್ಲಿ ಹಾಗೆಲ್ಲ ಕೂರಲು ಬಿಡುವುದಿಲ್ಲ, ತೊಳೆಯುವವರು ಪೈಪು ಹಿಡಿದುಕೊಂಡು ಬರುತ್ತಾರೆ ಎಂದಳು. ಹೋಯಿತು ದೃಶ್ಯ.

೩

ಒಂದು ರಜೆಯ ದಿನ ಅಕ್ಕ ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿದಳು. ಹಲಗೆಯಿಂದ ಭಾಗಗಳನ್ನು ಬ್ಲೇಡಿನಲ್ಲಿ ಬಿಡಿಸಿದಳು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿದಳು. ಉದ್ದನೆಯ ಬೆನ್ನೆಲುಬಿಗೆ ಅಡ್ಡಡ್ಡ ಪಕ್ಕೆಲುಬುಗಳನ್ನು ಅಂಟಿಸಿದಳು. ಎರಡು ವಾರ ಕಳೆಯುವಷ್ಟರಲ್ಲಿ ಮೇಜಿನ ಮೇಲೆ ತಿಂದುಳಿದ ಮೀನಿನಂಥದ್ದೊಂದು ನಿಂತಿತ್ತು. ನಾವು ಮೂವರೂ ಅದರ ಸುತ್ತ ತಟ್ಟೆ ಜರುಗಿಸಿಕೊಂಡು ಉಣ್ಣುತ್ತಿದ್ದೆವು. ಭಾವ ಅದನ್ನು ನೋಡುತ್ತಿರಲಿಲ್ಲ. ಅಥವಾ ಅದು ಅವರ ಎಡಕ್ಕಿತ್ತೋ ಏನೋ.

ಆಮೇಲೆ ಮೈ ಹೊದಿಸುವ ಕೆಲಸ. ತೆಳ್ಳನೆಯ ಮರದ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಪಕ್ಕೆಲುಬುಗಳ ಮೇಲೆ ಬಾಗಿಸಿ ಅಂಟಿಸಬೇಕು, ಒಣಗುವವರೆಗೆ ಕ್ಲಿಪ್ಪು ಹಾಕಿ ಹಿಡಿಸಬೇಕು. ಮನೆಯ ಬಟ್ಟೆ ಕ್ಲಿಪ್ಪುಗಳೆಲ್ಲ ಹಡಗಿಗೇ ಹೋದವು. ಭಾವನ ಡಿಪೋ ಅಂಗಿ ಗಾಳಿಗೆ ಹಾರಿ ಕೆಳಗಿನ ಮನೆಯವರ ಕಿಟಕಿಗೆ ಸಿಕ್ಕಿಕೊಂಡು, ಅವರು ಬಾಗಿಲು ತಟ್ಟಿ ಕೊಟ್ಟು ಹೋದರು.

ಅಕ್ಕ ಒಂದು ಮಗ್ಗುಲನ್ನು ಪೂರ್ತಿ ಮುಗಿಸಿಕೊಂಡೇ ಇನ್ನೊಂದಕ್ಕೆ ಹೋಗೋಣ ಎಂದು ಬಲಗಡೆಗೆ ಪಟ್ಟಿಯ ಮೇಲೆ ಪಟ್ಟಿ ಅಂಟಿಸುತ್ತ ಹೋದಳು. ಮರುದಿನ ಬೆಳಿಗ್ಗೆ ಭಾವ ಕಾಫಿ ಲೋಟ ಹಿಡಿದು ಹಡಗಿನ ಮೂತಿಯ ಎದುರು ಬಗ್ಗಿ ನಿಂತಿದ್ದರು. ಒಂದು ಕಣ್ಣು ಮುಚ್ಚಿ, ಬೆನ್ನೆಲುಬಿನ ನೇರಕ್ಕೆ ನೋಡುತ್ತ.

"ಗಾಡಿ ಬಲಕ್ಕೆ ಎಳೀತಿದೆ" ಅಂದರು.

ನಿಜವಾಗಿತ್ತು. ಒಣಗಿದ ಪಟ್ಟಿಗಳು ಎಳೆದು ಹಡಗು ಬಾಳೆಕಾಯಿಯ ಹಾಗೆ ಬಾಗಿತ್ತು. ಬಲಕ್ಕೊಂದು ಪಟ್ಟಿ ಹಾಕಿದರೆ ಎಡಕ್ಕೊಂದು ಹಾಕಿಯೇ ಮುಂದೆ ಹೋಗಬೇಕಂತೆ, ಇಲ್ಲದಿದ್ದರೆ ಇಡೀ ಹಡಗು ತಿರುಚಿಕೊಳ್ಳುತ್ತದಂತೆ. (ಇಲ್ಲಿ ಒಬ್ಬ ಬರಹಗಾರನಿಗೆ ಎಂಥ ಆಸೆ ಹುಟ್ಟುತ್ತದೆ ನೋಡಿ! ದಾಂಪತ್ಯ, ಸಮತೋಲ, ಎಡ, ಬಲ. ಅಕ್ಕ ಮೊದಲೇ ಎಚ್ಚರಿಕೆ ಕೊಟ್ಟಿದ್ದಾಳೆ. ಅಂಥದ್ದೊಂದು ಸಾಲು ಕಂಡರೂ ರಾತ್ರಿಯ ಊಟ ಇಲ್ಲ. ಹಾಗಾಗಿ ಪಟ್ಟಿ ಎಂದರೆ ಪಟ್ಟಿ.)

ಬೇಕೆಂತಲೇ ತಪ್ಪು ಮಾಡಿದೆಯಾ ಎಂದು ಅಕ್ಕನನ್ನು ಆಮೇಲೆ ಕೇಳಿದೆ. ಕಥೆಗೆ ಅದು ಚೆನ್ನಾಗಿತ್ತು. ಇಲ್ಲ ಕಣೋ, ನಿಜವಾಗಿ ಗೊತ್ತಿರಲಿಲ್ಲ ಎಂದಳು. ನನಗೆ ನಂಬಿಕೆಯಾಗಿಲ್ಲ. ನೀವು ಬೇಕಾದ್ದು ನಂಬಿ.

ಅಂತೂ ಇಬ್ಬರೂ ಸೇರಿ ಒದ್ದೆ ಬಟ್ಟೆ ಸುತ್ತಿ ಅಂಟು ಬಿಡಿಸಿದರು, ಮತ್ತೆ ಶುರು ಮಾಡಿದರು. ಬಲಕ್ಕೆ ಅಕ್ಕ, ಎಡಕ್ಕೆ ಭಾವ. ಕಂಬಗಳು ನಿಂತು, ದಾರ ಕಟ್ಟುವ ಹೊತ್ತಿಗೆ ಒಂದು ವಿಷಯ ತಿಳಿಯಿತು. ಭಾವನಿಗೆ ಉಳಿದಿದ್ದ ನೋಟವೆಲ್ಲ ನಟ್ಟ ನಡುವಿನದು, ಚಿಮುಟದ ತುದಿಯಲ್ಲಿ ಗಂಟು ಹಾಕಲು ಬೇಕಾದದ್ದೂ ಅಷ್ಟೇ. ಅಕ್ಕ ಭೂತಗನ್ನಡಿ ಹುಡುಕುವಷ್ಟರಲ್ಲಿ ಅವರು ಗಂಟು ಹಾಕಿ ಮುಗಿಸಿರುತ್ತಿದ್ದರು. ಮಾತೂ ಮರಳಿತು. ಕೀ ಕಿಟಕಿಯ ಮುಂದೆ ನಿಲ್ಲುವ ಡ್ರೈವರುಗಳ ಕಥೆಗಳು. ಒಬ್ಬನು ಕೀಗೆ ಮುತ್ತು ಕೊಟ್ಟೇ ಬಸ್ಸು ಹತ್ತುತ್ತಾನಂತೆ, ಇನ್ನೊಬ್ಬನು ಬಸ್ಸಿಗೆ ಬೈದು ಹತ್ತುತ್ತಾನಂತೆ. ಎರಡೂ ಬಸ್ಸು ಒಂದೇ ಥರ ಕೆಡುತ್ತವಂತೆ.

ಇಲ್ಲಿಗೇ ಮುಗಿಸಬಹುದಿತ್ತು. ಅಷ್ಟರಲ್ಲಿ ಹಡಗು ಬಿತ್ತು.

೫ (೪ನ್ನು ಬರೆಯಲಾಗಲಿಲ್ಲ)

೪ರಲ್ಲಿ ಹಡಗು ಬೀಳುವ ದೃಶ್ಯವಿತ್ತು. ನಾಲ್ಕಾರು ಬಗೆಯಲ್ಲಿ ಬರೆದೆ. ಒಂದರಲ್ಲಿ ಭಾವ ಸಿಟ್ಟಿನಿಂದ ತಾವೇ ಎತ್ತಿ ಎಸೆಯುತ್ತಾರೆ. ಭಾವ ಒಪ್ಪಲಿಲ್ಲ. ಅವರು ಒಪ್ಪಿದ್ದು ನಡೆದದ್ದನ್ನು ಮಾತ್ರ. ಅದು ಒಂದೇ ಸಾಲು: ಎಡಕ್ಕಿದ್ದ ಹಡಗು ಕಾಣದೆ, ಕಾಫಿ ಲೋಟಕ್ಕೆ ಕೈ ಚಾಚುವಾಗ ಮೊಣಕೈ ತಗುಲಿತು.

ನಡುಗಂಬ ಮುರಿಯಿತು. ನೆಲಕ್ಕೆ ಬಡಿದ ಎಡಮಗ್ಗುಲು ಒಳಕ್ಕೆ ಕುಸಿದು ಅಂಗೈಯಗಲದ ತೂತಾಯಿತು. ಭಾವ ಬಗ್ಗಿ ಚೂರುಗಳನ್ನು ಹುಡುಕಿದರು. ಕಾಲ ಬಳಿಯೇ ಬಿದ್ದದ್ದು ಎಷ್ಟು ತಡಕಿದರೂ ಕೈಗೆ ಹತ್ತಲಿಲ್ಲ. ಎದ್ದು ಒಳಕೋಣೆಗೆ ಹೋದರು.

ಮರುದಿನದಿಂದ ಮತ್ತೆ ಗೋಡೆಯ ಕಡೆಗೆ ತಿರುಗಿ ಮಲಗುವುದು. ಅಕ್ಕ ಹಡಗನ್ನು ಮುಟ್ಟಲಿಲ್ಲ. ಬೆಳಿಗ್ಗೆ ಸಂಜೆ ಅವರ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದಳು, ಅವರು ಸೂರು ನೋಡುತ್ತ ಹಾಕಿಸಿಕೊಳ್ಳುತ್ತಿದ್ದರು. ನಾನು ಬೇಗ ಬೇಗ ಉಂಡು ಮನೆಗೆ ಹೋಗುತ್ತಿದ್ದೆ. ಕಥೆಗೆ ಬೇಕಾದ ಸಂಕಟ ಸಿಕ್ಕಿತ್ತು, ಬರೆಯಲು ಮನಸ್ಸಾಗಲಿಲ್ಲ.

ಒಂದು ಸಂಜೆ ನಾನು ಹೋದಾಗ ಅಕ್ಕ ಡ್ರಾಪ್ಸ್ ಬಾಟಲಿ ಹಿಡಿದು ಮಂಚದ ಅಂಚಿನಲ್ಲಿ ಕೂತಿದ್ದಳು. ಬಾಗಿಲಲ್ಲೇ ನಿಂತೆ. ಅವಳು ಹೇಳುತ್ತಿದ್ದಳು. ಹಿಂದಿನ ವರ್ಷವೆಲ್ಲ ಅವರು ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿದುಕೊಂಡಾಗಲೆಲ್ಲ, ಎಲ್ಲಿದೆ ಗ್ಯಾನ ಎಂದು ತಾನು ಗದರಿದ್ದನ್ನು ಹೇಳುತ್ತಿದ್ದಳು.

"ಅಂಗಡಿಗೆ ಬಂದೋರ ಕಣ್ಣೆಲ್ಲ ನೋಡ್ತೀನಿ. ಮನೇಲಿರೋರ ಕಣ್ಣು ನೋಡ್ಲಿಲ್ಲ ಕಣ್ರೀ."

ಭಾವ ಕಣ್ಣು ಮುಚ್ಚಿ ತೆರೆದರು. ಡ್ರಾಪ್ಸ್ ಕೆನ್ನೆಯ ಮೇಲೆ ಇಳಿಯುತ್ತಿತ್ತು. (ಡ್ರಾಪ್ಸೇ. ಭಾವನ ಅಪ್ಪಣೆ.)

"ನೀನು ನೋಡಿದ್ದಿದ್ರೆ ಇನ್ನೂ ಬೇಗ ಬಸ್ ಬಿಡಿಸ್ತಿದ್ರು" ಅಂದರು. "ಒಂದು ವರ್ಷ ಜಾಸ್ತಿ ಓಡಿಸ್ದೆ. ಯಾರಿಗೂ ತಾಗಲಿಲ್ಲ. ಅದೊಂದು ನನ್ ಅದೃಷ್ಟ."

ಅಕ್ಕ ಮೊದಲು ನಕ್ಕಳು, ಆಮೇಲೆ ಅತ್ತಳು. ಅನುಕ್ರಮ ತಪ್ಪಿಲ್ಲ, ನಾನು ಅಲ್ಲೇ ಇದ್ದೆ.

೬

ಅದೇ ವಾರ ಮೇಜಿನ ಜಾಗ ಬದಲಾಯಿತು. ಭಾವನ ಕುರ್ಚಿಯ ಎಡಕ್ಕೆ ಈಗ ಗೋಡೆ. ಅವರು ಚಿಮುಟ ಹಿಡಿದು, ತೂತಿನ ಸುತ್ತಲಿನ ಸಿಬಿರುಗಳನ್ನು ಒಂದೊಂದಾಗಿ ಕಿತ್ತರು. ಅಕ್ಕ ಹೊಸ ಪಟ್ಟಿಗಳನ್ನು ಆಗಲೇ ನೆನೆಸಿಟ್ಟಿದ್ದಳು. ಭಾವ ಒಳಗಿನ ಪಕ್ಕೆಲುಬುಗಳನ್ನು ಬಗ್ಗಿ ಬಗ್ಗಿ ನೋಡಿದರು, ಟಾರ್ಚು ತರಿಸಿ ನೋಡಿದರು. ಇದನ್ನು ಮುಚ್ಚುವುದು ಬೇಡ ಎಂದರು. ನೋಡಿದವರು ಅರ್ಧಕ್ಕೇ ಬಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ ಎಂದು ಅಕ್ಕನ ತಕರಾರು. ಅಂದುಕೊಳ್ಳಲಿ, ಒಳಗೆ ಎಷ್ಟು ಕೆಲಸ ಇದೆ ಅಂತ ನನಗೇ ಮರೆತುಹೋಗಿತ್ತು ಎಂದರು ಭಾವ. ಕಿತ್ತ ಅಂಚನ್ನು ನಯವಾಗಿ ಉಜ್ಜಿ, ಕಿಟಕಿಯಂತೆ ತೆರೆದೇ ಬಿಟ್ಟರು. ನೆನೆಸಿದ ಪಟ್ಟಿಗಳು ಹಾಗೇ ಒಣಗಿದವು. ನಡುಗಂಬಕ್ಕೆ ಹೊಸ ಕಡ್ಡಿ ಬಂತು, ಹರಿದ ದಾರಗಳನ್ನೆಲ್ಲ ಭಾವ ಮತ್ತೆ ಕಟ್ಟಿದರು.

೭

ಈಗ ಮುಗಿಸಬೇಕು. ಕೆಲವು ಮುಕ್ತಾಯಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ.

ಹಡಗಿಗೆ ಎಲ್ಲೋ ಒಂದು ಸ್ಪರ್ಧೆಯಲ್ಲಿ ಬಹುಮಾನ ಬರುತ್ತದೆ. (ಅಕ್ಕ: ಬಸ್ಸಲ್ಲಿ ಹೊತ್ತುಕೊಂಡು ಹೋಗುವವರಾರು?)

ಇಬ್ಬರೂ ಅದನ್ನು ಕೆರೆಯಲ್ಲಿ ತೇಲಿಬಿಡುತ್ತಾರೆ, ಅದು ಬಲು ಚೆಂದವಾಗಿ ಮುಳುಗುತ್ತದೆ. (ಭಾವ: ಹುಚ್ಚು.)

ಮುಂದಿನ ತಪಾಸಣೆಯಲ್ಲಿ ಭಾವನ ಕಣ್ಣು ಸುಧಾರಿಸಿರುತ್ತದೆ. ಇದನ್ನು ಓದಿದಾಗ ಭಾವ ಚಿಮುಟ ಕೆಳಗಿಟ್ಟರು. "ಕಥೆ ಚೆನ್ನಾಗಿರ್ಲಿ ಅಂತ ನನ್ ಕಣ್ಣು ಸರಿಮಾಡ್ಬೇಡಪ್ಪ. ಓದಿದ ಮೇಲೆ ನಂಗೆ ಆಸೆ ಆಗತ್ತೆ." ಆ ಸಾಲನ್ನು ಅಲ್ಲೇ, ಅವರ ಎದುರಿಗೇ ಅಳಿಸಿದೆ.

ಹಾಗಾದರೆ ಹೇಗೆ ಮುಗಿಸಲಿ ಎಂದು ಕೇಳಿದೆ. ಮುಗಿಸುವ ಅವಸರ ಏನಿದೆ, ಬಾ ಇಲ್ಲಿ ಎಂದು ಅಕ್ಕ ಕರೆದಳು. ಮೇಜಿನ ಮೇಲೆ ಎರಡನೆಯ ಪೆಟ್ಟಿಗೆ ತೆರೆದಿತ್ತು. ಈ ಸಲ ಭಾವ ತಾವೇ ಆರಿಸಿ ತಂದದ್ದು, ಒಂದೇ ಕಂಬದ ಮೀನುಗಾರರ ದೋಣಿ. ಮೂತಿಯ ಬಾಗು ಎಷ್ಟು ಕಡಿದೆಂದರೆ ಅಲ್ಲಿ ಕ್ಲಿಪ್ಪು ನಿಲ್ಲುವುದಿಲ್ಲ, ಒಣಗುವವರೆಗೆ ಬೆರಳೇ ಆಗಬೇಕು. ನೆಂದ ಪಟ್ಟಿಯ ಒಂದು ತುದಿ ಅಕ್ಕ ಹಿಡಿದಳು, ಇನ್ನೊಂದು ತುದಿ ನನಗೆ ಕೊಟ್ಟಳು. ಭಾವ ಅಂಟು ಹಚ್ಚಿ, ಎದುರಿಗೆ ಬಂದು, ಒಂದು ಕಣ್ಣು ಮುಚ್ಚಿ ನೋಡಿದರು. ಬಿಸಿನೀರಲ್ಲಿ ನೆಂದ ಮರಕ್ಕೆ ಒಂದು ವಾಸನೆ ಇರುತ್ತದೆ. ಅದನ್ನು ಬರೆದುಕೊಳ್ಳಬೇಕು ಅನ್ನಿಸಿತು, ಎರಡೂ ಕೈ ದೋಣಿಯ ಮೇಲಿದ್ದವು. ಪಟ್ಟಿ ಬೆರಳಡಿ ಮೆಲ್ಲಗೆ ನೇರವಾಗಲು ತಿಣುಕುತ್ತಿತ್ತು.

"ಬಿಡ್ಲಾ ಭಾವ?"

"ಇನ್ನೂ ಇಲ್ಲ" ಅಂದರು. "ಹಿಡ್ಕೊಂಡಿರು."